ಎರಡು ಸಲ ಇಪ್ಪತ್ತಾರು

ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಒಂದು ಹಳೆಯ ಕಟ್ಟಳೆ ಇನ್ನೂ ಜಾರಿಯಲ್ಲಿದೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಯಾವ ಪಂದ್ಯವನ್ನೂ ಆ ದೇಶದ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. ದೊಡ್ಡ ತಂಡಗಳ ಆಟ ಮನೆಯಲ್ಲೇ ಸಿಕ್ಕಿಬಿಟ್ಟರೆ ಸಣ್ಣ ಊರಿನ ಮೈದಾನಕ್ಕೆ ಯಾರು ಬರುತ್ತಾರೆ ಎಂದು 1960ರ ದಶಕದಲ್ಲಿ ಮಾಡಿಕೊಂಡ ಏರ್ಪಾಡು. ಹಾಗಾಗಿ 2023-24ರ ಸಾಲಿನಲ್ಲಿ, ಲೂಟನ್ ಊರಿನಲ್ಲೇ ಇರುವ ನನಗೆ ಲೂಟನ್ ಟೌನ್ ತಂಡದ ಶನಿವಾರದ ಆಟ ಕಾಣಿಸುತ್ತಿರಲಿಲ್ಲ. ತಿಪಟೂರಿನಲ್ಲಿರುವ ನನ್ನ ಅಕ್ಕನ ಮಗನಿಗೆ ಕಾಣಿಸುತ್ತಿತ್ತು. ಕೆನಿಲ್‌ವರ್ತ್ ರೋಡ್ ಮೈದಾನ ನಮ್ಮ ಮನೆಗೆ ಅರ್ಧ ಗಂಟೆಯ ನಡಿಗೆ. ಆದರೂ "ಮಾವ, ನಿಮ್ಮೋರು ಹಾಕುದ್ರು!" ಎಂಬ ಸುದ್ದಿ ನನಗೆ ತಿಪಟೂರಿನಿಂದಲೇ ಬರಬೇಕು.

ನನ್ನದು ಲೆಕ್ಕ ಬರೆಯುವ ಕಸುಬು. ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕಿರ್ದಿ ಬರೆಯುತ್ತಿದ್ದರು. ನಾನು ಇಲ್ಲಿ ಬೆರಿ ಪಾರ್ಕ್ ಎಂಬ ಬಡಾವಣೆಯ ದಿನಸಿ ಅಂಗಡಿ, ಟ್ಯಾಕ್ಸಿ, ಬಿರಿಯಾನಿ ಹೋಟೆಲುಗಳ ಜಮಾ-ಖರ್ಚು ನೋಡುತ್ತೇನೆ. ಈ ಬಡಾವಣೆಯ ತುಂಬ ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರು. ಅವರ ಮನೆಗಳ ನಡುವೆಯೇ ಫುಟ್‌ಬಾಲ್ ಮೈದಾನ. ನಾನು ಫುಟ್‌ಬಾಲ್ ಆಡಿದವನೂ ಅಲ್ಲ, ಅದರ ತಂತ್ರ ಬಲ್ಲವನೂ ಅಲ್ಲ. ಆದರೆ ಊರಿನ ತಂಡದ ಅಂಕಪಟ್ಟಿಯನ್ನು ಖತಾವಣಿ ಓದುವ ಹಾಗೆ ಓದುವ ಅಭ್ಯಾಸ ಇಪ್ಪತ್ತು ವರ್ಷದಿಂದ ಅಂಟಿಕೊಂಡಿದೆ. ಲೂಟನ್ನಿನ ಆ ಒಂದು ವರ್ಷದ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದೆಲ್ಲ ಒಂದೋ ಅಜ್ಜಿಕಥೆ, ಇಲ್ಲವೇ ಕಣ್ಣೀರು. ಪುಸ್ತಕ ತೆರೆದು ನೋಡಿದರೆ ನನಗೆ ಬೇರೆಯೇ ಕಾಣುತ್ತದೆ.

ಮೊದಲು ಈ ದೇಶದ ಪದ್ಧತಿ ಹೇಳಬೇಕು. ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಮುಂದಿನ ವರ್ಷವೂ ಐಪಿಎಲ್‌ನಲ್ಲೇ ಇರುತ್ತದೆ. 2017ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ತಳ ಕಂಡ ಆರ್‌ಸಿಬಿಯನ್ನು ಯಾರೂ ಹೊರಗೆ ಹಾಕಲಿಲ್ಲ. ಇಲ್ಲಿ ಹಾಗಲ್ಲ. ಮೇಲಿನದು ಪ್ರೀಮಿಯರ್ ಲೀಗ್, ಅದರ ಕೆಳಗೆ ಚಾಂಪಿಯನ್‌ಶಿಪ್, ಆಮೇಲೆ ಲೀಗ್ ಒನ್, ಲೀಗ್ ಟೂ. ಐದನೆಯ ಮೆಟ್ಟಿಲಿಗೆ ಮೊದಲು ಕಾನ್ಫರೆನ್ಸ್ ಎಂದು ಹೆಸರು, ಈಗ ನ್ಯಾಷನಲ್ ಲೀಗ್. ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಒಬ್ಬೊಬ್ಬರ ಮೇಲೂ ಮನೆಯಲ್ಲೊಂದು, ಅವರ ಊರಲ್ಲೊಂದು ಆಡಿ ಒಟ್ಟು 38 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಮೇ ತಿಂಗಳಲ್ಲಿ ಕೊನೆಯ ಮೂವರು ಕೆಳಗಿಳಿಯಬೇಕು, ಕೆಳಗಿನಿಂದ ಮೂವರು ಮೇಲೆ ಬರುತ್ತಾರೆ. ಇಳಿದರೆ ಮಾನ ಮಾತ್ರವಲ್ಲ, ಟಿವಿ ಹಣವೂ ಹೋಗುತ್ತದೆ. ಪ್ರೀಮಿಯರ್ ಲೀಗಿನಲ್ಲಿ ಕೊನೆಯ ಸ್ಥಾನ ಪಡೆದವರಿಗೂ ವರ್ಷಕ್ಕೆ 10 ಕೋಟಿ ಪೌಂಡಿಗಿಂತ ಹೆಚ್ಚು ಬರುತ್ತದೆ. ಒಂದು ಮೆಟ್ಟಿಲು ಕೆಳಗೆ ಇಳಿದರೆ ಅದು ಎಷ್ಟೋ ಪಾಲು ಕಡಿಮೆ.

ಲೂಟನ್ ಈ ಮೆಟ್ಟಿಲುಗಳನ್ನು ಇಳಿದ ರೀತಿಯೇ ಒಂದು ಪುರಾಣ. ಪ್ರೀಮಿಯರ್ ಲೀಗ್ ಎಂಬುದು 1992ರಲ್ಲಿ ಶುರುವಾಯಿತು. ಹಳೆಯ ಫಸ್ಟ್ ಡಿವಿಷನ್ನಿನ ಕ್ಲಬ್ಬುಗಳು ಸೇರಿ ಅದನ್ನು ಕಟ್ಟಿಕೊಂಡವು; ಲೂಟನ್ ಕೂಡ ಆ ಗುಂಪಿನಲ್ಲಿತ್ತು. ಆದರೆ ಹೊಸ ಲೀಗ್ ಶುರುವಾಗುವ ಮುನ್ನ, ಹಳೆಯ ಡಿವಿಷನ್ನಿನ ಕೊನೆಯ ದಿನ ನಾಟ್ಸ್ ಕೌಂಟಿ ತಂಡಕ್ಕೆ 2-1ರಿಂದ ಸೋತು ಕೆಳಗಿಳಿಯಿತು. ಬಾಗಿಲು ಕೆತ್ತುವುದಕ್ಕೆ ಕೈಹಾಕಿ, ಹೊಸಿಲು ದಾಟುವ ದಿನ ಹೊರಗುಳಿದ ಹಾಗೆ.

ಆಮೇಲಿನದು ಸಾಲದ ಕಥೆ. 2007, 2008, 2009: ಮೂರು ವರ್ಷ ಸಾಲಾಗಿ ಮೂರು ಮೆಟ್ಟಿಲು. ಕೊನೆಯ ಇಳಿತ ನಾನು ಕಣ್ಣಾರೆ ಕಂಡದ್ದು. ಹಿಂದಿನ ಮಾಲೀಕರ ಕಾಲದಲ್ಲಿ ಆಟಗಾರರ ಏಜೆಂಟರಿಗೆ ಹಣ ಕೊಟ್ಟ ದಾರಿ ಸರಿಯಿರಲಿಲ್ಲ ಎಂದು ಫುಟ್‌ಬಾಲ್ ಸಂಸ್ಥೆ 10 ಅಂಕ ಕಳೆಯಿತು. ದಿವಾಳಿಯಿಂದ ಹೊರಬಂದ ಕ್ರಮ ನಿಯಮದ ಪ್ರಕಾರ ಇಲ್ಲ ಎಂದು ಲೀಗಿನವರು ಇನ್ನೂ 20 ಕಳೆದರು. ಒಟ್ಟು 30. ಮಾಡಿದವರು ಹೋಗಿ ಆಗಿತ್ತು. ಹೊಸದಾಗಿ ಕ್ಲಬ್ಬನ್ನು ಕೊಂಡ ಅಭಿಮಾನಿಗಳ ಕೂಟ ಆ ಬಾಕಿ ತೀರಿಸಬೇಕಾಯಿತು. ಆ ವರ್ಷ ಲೂಟನ್ ಹುಡುಗರು ಮೈದಾನದಲ್ಲಿ ಬೆವರು ಸುರಿಸಿ ಗಳಿಸಿದ್ದು 56 ಅಂಕ. ಪುಸ್ತಕದಲ್ಲಿ ಉಳಿದ ಶಿಲ್ಕು 26. ಲೀಗ್ ಟೂನ ತಳ ಸೇರಿ ಐದನೆಯ ಮೆಟ್ಟಿಲಿಗೆ ಬಿದ್ದರು. ಅಲ್ಲಿಂದ ಮೇಲೇಳಲು ಐದು ವರ್ಷ ಹಿಡಿಯಿತು.

ಈ 26 ಎಂಬ ಸಂಖ್ಯೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

2014ರಲ್ಲಿ ಕಾನ್ಫರೆನ್ಸಿನಿಂದ ಮೇಲೆ, 2018ರಲ್ಲಿ ಲೀಗ್ ಟೂನಿಂದ ಮೇಲೆ, 2019ರಲ್ಲಿ ಲೀಗ್ ಒನ್ ಗೆದ್ದು ಚಾಂಪಿಯನ್‌ಶಿಪ್‌ಗೆ. 2023ರ ಮೇ 27ರಂದು, ಮೇಲೇರುವ ಮೂರನೆಯ ತಂಡ ಯಾವುದೆಂದು ತೀರ್ಮಾನಿಸುವ ಪಂದ್ಯದಲ್ಲಿ, ವೆಂಬ್ಲಿಯಲ್ಲಿ ಕವೆಂಟ್ರಿ ಮೇಲೆ 1-1 ಸಮವಾಗಿ, ಪೆನಾಲ್ಟಿಯಲ್ಲಿ 6-5ರಿಂದ ಗೆದ್ದು ಪ್ರೀಮಿಯರ್ ಲೀಗ್. ಆ ಒಂದು ಪಂದ್ಯದ ಗೆಲುವಿನ ಬೆಲೆ ಕಡಿಮೆಯೆಂದರೂ 17 ಕೋಟಿ ಪೌಂಡ್ ಎಂದು ಡೆಲಾಯ್ಟ್ ಕಂಪನಿ ಅಂದಾಜು ಮಾಡಿತ್ತು. 2013ರಲ್ಲಿ ಐದನೆಯ ಮೆಟ್ಟಿಲಿನಲ್ಲಿದ್ದಾಗ ಬಂದು ಸೇರಿದ ಪೆಲ್ಲಿ ರಡಕ್ ಎಂಪಾಂಜು ಅಷ್ಟೂ ಮೆಟ್ಟಿಲನ್ನು ಇದೇ ಅಂಗಿಯಲ್ಲಿ ಹತ್ತಿದ. ಅಲ್ಲಿಂದ ಪ್ರೀಮಿಯರ್ ಲೀಗಿನವರೆಗೆ ಒಂದೇ ಕ್ಲಬ್ಬಿಗೆ ಆಡಿದ ಮೊದಲ ಆಟಗಾರ ಅವನೇ. ತಂಡದ ಮ್ಯಾನೇಜರ್ ರಾಬ್ ಎಡ್ವರ್ಡ್ಸ್. ಲೂಟನ್ನಿನ ಹಗೆಯಾದ ವಾಟ್‌ಫರ್ಡ್ ಅವರನ್ನು ಅದೇ ಸಾಲಿನ ಆರಂಭದಲ್ಲಿ ಕೆಲವೇ ವಾರಗಳಲ್ಲಿ ಮನೆಗೆ ಕಳಿಸಿತ್ತು. ಆ ಮನುಷ್ಯ ಬಂದು ನಮ್ಮನ್ನು ಮೇಲಕ್ಕೆ ಒಯ್ದದ್ದರಲ್ಲಿ ಇದ್ದ ಖುಷಿ ಬೇರೆ.

ಹತ್ತಿದ ಮೇಲೆ ಮೊದಲ ತೊಂದರೆ ಬಂದದ್ದು ಆಟದಿಂದಲ್ಲ, ಕಟ್ಟಡದಿಂದ. ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಲೂಟನ್ ಆಡುತ್ತಿರುವುದು 1905ರಿಂದ. ಸುತ್ತ ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳ ಸಾಲು. ಓಕ್ ರೋಡ್ ಕಡೆ, ಹೊರಗಿನಿಂದ ಬಂದ ತಂಡದ ಅಭಿಮಾನಿಗಳು ಒಳಹೋಗುವ ಬಾಗಿಲು ಮನೆಗಳ ಸಾಲಿನಲ್ಲೇ ಕೊರೆದಂತಿದೆ. ಎರಡು ಮನೆಯ ನಡುವೆ ತೂರಿ ಮೆಟ್ಟಿಲು ಹತ್ತಿದರೆ ಕೆಳಗೆ ಜನರ ಹಿತ್ತಿಲು, ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತದೆ. ಆ ಬೀದಿಯ ನನ್ನ ಗಿರಾಕಿಯೊಬ್ಬರು ಪಂದ್ಯದ ದಿನ ಕಾರು ತೆಗೆಯುವುದೇ ಇಲ್ಲ. ಲಿವರ್‌ಪೂಲಿನಿಂದಲೋ ಮ್ಯಾಂಚೆಸ್ಟರಿನಿಂದಲೋ ಬಂದ ಜನ ಅವರ ಕಾಂಪೌಂಡಿಗೆ ಒರಗಿ ಆಲೂ ಚಿಪ್ಸ್ ತಿನ್ನುತ್ತ ನಿಂತಿರುತ್ತಾರಂತೆ. ಒಳಗೆ ಹಿಡಿಸುವುದು ಸುಮಾರು 12 ಸಾವಿರ ಜನ. ಪ್ರೀಮಿಯರ್ ಲೀಗಿನ ಟಿವಿ ಕ್ಯಾಮೆರಾ, ದೀಪ, ವರದಿಗಾರರ ಕೋಣೆ ಇವಕ್ಕೆಲ್ಲ ಒಂದು ಕಡೆಯ ಸ್ಟ್ಯಾಂಡನ್ನೇ ಕೆಡವಿ ಕಟ್ಟಬೇಕಾಯಿತು. ಆ ಕೆಲಸ ಮುಗಿಯದೆ ಆಗಸ್ಟಿನಲ್ಲಿ ಬರ್ನ್ಲಿ ಜೊತೆಗಿನ ತವರಿನ ಮೊದಲ ಪಂದ್ಯವನ್ನೇ ಮುಂದೂಡಿದರು.

ಆಟ ಶುರುವಾದದ್ದು ಬ್ರೈಟನ್ನಿನಲ್ಲಿ 4-1ರ ಸೋಲಿನಿಂದ. ಆಮೇಲೆ ಚೆಲ್ಸಿಯಲ್ಲಿ 3-0. ನನ್ನ ಸೋದರಳಿಯ ಮ್ಯಾಂಚೆಸ್ಟರ್ ಸಿಟಿ ಕಡೆಯವನು. ಗೆಲ್ಲುವ ತಂಡವನ್ನು ಆರಿಸಿಕೊಳ್ಳುವುದು ಈಗಿನ ಹುಡುಗರ ಜಾಣತನ. "ಯಾಕ್ ಮಾವ, ಆಡೋಕ್ ಬರ್ದಿದ್ ಟೀಮ್ ಹಿಡ್ಕೊಂಡ್ ಕೂತಿದೀರ?" ಎಂದ. "ನಾನು ಹಿಡ್ಕೊಂಡಿದ್ದಲ್ಲ ಕಣೋ, ಮನೆ ಪಕ್ಕ ಇತ್ತು" ಎಂದೆ. ಸೆಪ್ಟೆಂಬರ್ 30ರಂದು ಎವರ್ಟನ್ ಊರಿಗೇ ಹೋಗಿ 2-1ರಿಂದ ಗೆದ್ದಾಗ ಅದು ಪ್ರೀಮಿಯರ್ ಲೀಗಿನಲ್ಲಿ ಲೂಟನ್ನಿನ ಮೊದಲ ಗೆಲುವು. ಮೊದಲ ಗೋಲು ಹೊಡೆದದ್ದು ನಾಯಕ ಟಾಮ್ ಲಾಕಿಯರ್.

ಲಾಕಿಯರ್ ವೇಲ್ಸ್ ದೇಶದವನು, ಡಿಫೆಂಡರ್. ಮೇ ತಿಂಗಳ ವೆಂಬ್ಲಿ ಪಂದ್ಯದಲ್ಲಿ ಆಟದ ನಡುವೆ ಕುಸಿದು ಬಿದ್ದಿದ್ದ. ಹೃದಯದ ಬಡಿತ ತಾಳತಪ್ಪುವ ತೊಂದರೆ ಎಂದರು, ಚಿಕಿತ್ಸೆ ಆಯಿತು, ಆಡಬಹುದು ಎಂದು ವೈದ್ಯರು ಒಪ್ಪಿದ ಮೇಲೆ ಮರಳಿ ಬಂದ. ಡಿಸೆಂಬರ್ 16, ಶನಿವಾರ. ಲೂಟನ್ ಬೋರ್ನ್‌ಮತ್‌ನಲ್ಲಿ ಆಡುತ್ತಿತ್ತು. ಮೂರು ಗಂಟೆಯ ಪಂದ್ಯವಾದ್ದರಿಂದ ಇಲ್ಲಿ ಟಿವಿಯಲ್ಲಿಲ್ಲ. ನಾನು ಯಾರದೋ ತೆರಿಗೆ ಕಾಗದ ಹರಡಿಕೊಂಡು ಕೂತಿದ್ದೆ. ತಿಪಟೂರಿನಿಂದ ಫೋನು. ಹುಡುಗನ ದನಿ ಎಂದಿನ ಹಾಗಿರಲಿಲ್ಲ. "ಮಾವ, ನಿಮ್ ಕ್ಯಾಪ್ಟನ್ ಬಿದ್ಬುಟ್ರು. ಯಾರೂ ಹತ್ರ ಇರ್ಲಿಲ್ಲ, ಸುಮ್ನೆ ಬಿದ್ರು. ಎಲ್ರೂ ಅಳ್ತಾವ್ರೆ." 59ನೇ ನಿಮಿಷ, ಪಂದ್ಯ 1-1ರಲ್ಲಿತ್ತು. ಲಾಕಿಯರನ ಹೃದಯ 2 ನಿಮಿಷ 40 ಸೆಕೆಂಡು ನಿಂತಿತ್ತೆಂದು ಆಮೇಲೆ ಅವನೇ ಹೇಳಿದ. ರಾಬ್ ಎಡ್ವರ್ಡ್ಸ್ ಓಡಿ ಮೈದಾನದೊಳಕ್ಕೆ ಹೋದರು. ಕ್ರೀಡಾಂಗಣದಲ್ಲೇ ಇದ್ದ ವೈದ್ಯ ಸಿಬ್ಬಂದಿ ಯಂತ್ರ ಹಿಡಿದು ಅವನನ್ನು ಉಳಿಸಿದರು. ಪಂದ್ಯ ನಿಲ್ಲಿಸಿದರು. ಅವನ ಎದೆಯಲ್ಲಿ ಬಡಿತ ಕಾಯುವ ಸಾಧನ ಅಳವಡಿಸಿದರು. ಆ ಸಾಲಿನಲ್ಲಿ ಅವನು ಮತ್ತೆ ಆಡಲಿಲ್ಲ.

ಒಂದು ವಾರ ಬಿಟ್ಟು ನ್ಯೂಕಾಸಲ್ ಬಂತು. ಇಂಥ ತಂಡ ಆ ದಿನ ಆಡುವುದೇ ಹೆಚ್ಚು ಎಂದು ಎಲ್ಲರೂ ಅಂದುಕೊಂಡಿದ್ದರು. ಆಂಡ್ರೋಸ್ ಟೌನ್‌ಸೆಂಡ್ ತಲೆಯಲ್ಲಿ ಹೊಡೆದ ಒಂದು ಗೋಲಿನಿಂದ 1-0 ಗೆದ್ದರು. ಮೂರು ದಿನಕ್ಕೆ ಶೆಫೀಲ್ಡ್ ಯುನೈಟೆಡ್ ಊರಿನಲ್ಲಿ 3-2. ಅದರಲ್ಲಿ ಎರಡು ಗೋಲನ್ನು ಶೆಫೀಲ್ಡಿನವರು ತಮ್ಮ ಬಲೆಗೆ ತಾವೇ ಹಾಕಿಕೊಟ್ಟರು.

ಪ್ರೀಮಿಯರ್ ಲೀಗ್ ವರ್ಷದಲ್ಲಿ ಟಿಕೆಟ್ ಸಿಗುವುದು ದುರ್ಲಭ. ಸೀಸನ್ ಟಿಕೆಟಿನವರೇ ಮೈದಾನ ತುಂಬಿಸಿಬಿಡುತ್ತಿದ್ದರು. ಜನವರಿ 30ರ ಮಂಗಳವಾರ ರಾತ್ರಿ, ನನ್ನ ಗಿರಾಕಿಯೊಬ್ಬರು ಜ್ವರ ಬಂದು ಮಲಗಿದ್ದರಿಂದ ಅವರ ಸೀಟು ನನಗೆ ಬಂತು. ಬ್ರೈಟನ್ ಮೇಲಿನ ಪಂದ್ಯ. ಕಂಬದ ಹಿಂದಿನ ಸೀಟು. ನಾನಿನ್ನೂ ಕೂರುವುದೋ ನಿಲ್ಲುವುದೋ ಎಂದು ನೋಡುತ್ತಿರುವಾಗಲೇ, ಆಟ ಶುರುವಾದ 18ನೇ ಸೆಕೆಂಡಿಗೆ ಎಲೈಜಾ ಅಡೆಬಾಯೊ ಗೋಲು ಹೊಡೆದ. ಮೂರನೇ ನಿಮಿಷಕ್ಕೆ ಚಿಡೋಜಿ ಒಗ್ಬೆನೆ ಇನ್ನೊಂದು. ಅಡೆಬಾಯೊ ಮೂರು ಹೊಡೆದು ಪಂದ್ಯ 4-0. ಪಕ್ಕದಲ್ಲಿದ್ದ ಮುದುಕರು ಪ್ರತಿ ಗೋಲಿಗೂ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಅವರಿಗೆ 1988ರಲ್ಲಿ ವೆಂಬ್ಲಿಯಲ್ಲಿ ಆರ್ಸೆನಲ್ಲನ್ನು 3-2ರಿಂದ ಸೋಲಿಸಿ ಲೀಗ್ ಕಪ್ ಗೆದ್ದದ್ದು ನೆನಪಿತ್ತು. ಆ ರಾತ್ರಿ ಲೂಟನ್ ಕೊನೆಯ ಮೂವರ ಸಾಲಿನಿಂದ ಹೊರಗಿತ್ತು. ನಾಲ್ಕು ದಿನ ಕಳೆದು ನ್ಯೂಕಾಸಲ್‌ನಲ್ಲಿ 4-4.

ಇಲ್ಲಿಗೆ ಕಿರ್ದಿಯಲ್ಲಿ ಒಂದು ಗೆರೆ ಎಳೆಯುತ್ತೇನೆ. ಫೆಬ್ರವರಿ 3ರವರೆಗೆ 22 ಪಂದ್ಯ, 20 ಅಂಕ. ಅಲ್ಲಿಂದ ಮೇ 19ರವರೆಗೆ 16 ಪಂದ್ಯ, 6 ಅಂಕ.

ಲೂಟನ್ನಿನಲ್ಲಿ ಯಾರನ್ನು ಕೇಳಿದರೂ "ಕೊನೆಯ ನಿಮಿಷದ ಗೋಲುಗಳು ನಮ್ಮನ್ನು ಕೊಂದವು" ಎನ್ನುತ್ತಾರೆ. ಸುಳ್ಳೇನಲ್ಲ. ನವೆಂಬರಿನಲ್ಲಿ ಲಿವರ್‌ಪೂಲ್ ಮೇಲೆ ತಹಿತ್ ಚಾಂಗ್ ಗೋಲಿನಿಂದ ಗೆಲ್ಲುತ್ತಿದ್ದಾಗ 95ನೇ ನಿಮಿಷಕ್ಕೆ ಲೂಯಿಸ್ ಡಿಯಾಸ್ ಸಮ ಮಾಡಿದ. ಅವನ ತಂದೆಯನ್ನು ಕೊಲಂಬಿಯಾದಲ್ಲಿ ಅಪಹರಿಸಿದ್ದ ದಿನಗಳು ಅವು. ಅಂಗಿ ಎತ್ತಿ, ಅಪ್ಪನನ್ನು ಬಿಟ್ಟುಬಿಡಿ ಎಂದು ಬರೆದದ್ದನ್ನು ತೋರಿಸಿದ. ಆ ಗೋಲನ್ನು ನಾನು ಖರ್ಚಿಗೆ ಹಾಕುವಾಗ ಕೈ ಸ್ವಲ್ಪ ತಡೆಯುತ್ತದೆ. ಅದೇ ಪಂದ್ಯದಲ್ಲಿ ನಮ್ಮವರು ಕೆಲವರು 1989ರ ಹಿಲ್ಸ್‌ಬರೋ ದುರಂತದಲ್ಲಿ ಸತ್ತ ಲಿವರ್‌ಪೂಲ್ ಅಭಿಮಾನಿಗಳನ್ನು ಹಂಗಿಸಿ ಕೂಗಿದರು. ಕ್ಲಬ್ಬು ಕ್ಷಮೆ ಕೇಳಿತು. ಊರಿನ ಮರ್ಯಾದೆ ಹೋದ ಸಂಜೆ ಅದು. ಅಜ್ಜಿಕಥೆ ಬರೆಯುವವರು ಅದನ್ನು ಬಿಟ್ಟೇ ಬರೆಯುತ್ತಾರೆ.

ಡಿಸೆಂಬರ್ 5ರಂದು ಆರ್ಸೆನಲ್ ಮೇಲೆ ರಾಸ್ ಬಾರ್ಕ್ಲಿ ಗೋಲಿನಿಂದ 3-2 ಮುಂದಿದ್ದರು. ಹಾವರ್ಟ್ಸ್ 3-3 ಮಾಡಿದ. 97ನೇ ನಿಮಿಷದಲ್ಲಿ ಡೆಕ್ಲನ್ ರೈಸ್ ತಲೆಕೊಟ್ಟ, 4-3. ಮಾರ್ಚಿನಲ್ಲಿ ಆಸ್ಟನ್ ವಿಲ್ಲಾ ಮೇಲೆ 2-2 ಇದ್ದದ್ದು ಕೊನೆಗೆ 2-3. ಟಾಟನ್‌ಹ್ಯಾಮ್‌ನಲ್ಲಿ 1-1 ಇದ್ದದ್ದು ಕೊನೆಗೆ 1-2. ಸರಿ. ಆದರೆ ಜಮಾ ಕಡೆಯ ಪುಟವನ್ನೂ ತಿರುವಬೇಕಲ್ಲ? ನಾಟಿಂಗ್‌ಹ್ಯಾಮ್ ಫಾರೆಸ್ಟ್ ಊರಿನಲ್ಲಿ 2-0 ಹಿಂದಿದ್ದು, ಹೆಚ್ಚುವರಿ ಸಮಯದಲ್ಲಿ ಅಡೆಬಾಯೊ 2-2 ಮಾಡಿದ. ಬರ್ನ್ಲಿಯಲ್ಲಿ 92ನೇ ನಿಮಿಷಕ್ಕೆ ಕಾರ್ಲ್‌ಟನ್ ಮಾರಿಸ್. ಅವರ ಗೋಲ್‌ಕೀಪರಿಗೆ ನಮ್ಮವನು ಅಡ್ಡ ಬಂದದ್ದನ್ನು ರೆಫರಿ ತಪ್ಪೆನ್ನಲಿಲ್ಲ, ಬರ್ನ್ಲಿಯವರಿಗೆ ಇವತ್ತಿಗೂ ಆ ಕೋಪ ಇದ್ದೀತು. ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ 96ನೇ ನಿಮಿಷಕ್ಕೆ ಕಾಲಿ ವುಡ್ರೋ. ಫಾರೆಸ್ಟ್ ಇಲ್ಲಿಗೆ ಬಂದಾಗ 89ಕ್ಕೆ ಲ್ಯೂಕ್ ಬೆರಿ. ಏಪ್ರಿಲಿನಲ್ಲಿ ಬೋರ್ನ್‌ಮತ್ ಮೇಲೆ 90ನೇ ನಿಮಿಷಕ್ಕೆ ಮತ್ತೆ ಮಾರಿಸ್, ಅದು ಗೆಲುವೇ. ಕೂಡಿ ಕಳೆದು ನೋಡಿದೆ. ಕೊನೆಯ ಐದು ನಿಮಿಷಗಳಲ್ಲಿ ಬಂದದ್ದು, ಹೋದದ್ದು ಹೆಚ್ಚುಕಡಿಮೆ ಸಮ. ಅದೃಷ್ಟ ಲೂಟನ್ನಿಗೆ ಮೋಸ ಮಾಡಲಿಲ್ಲ.

ಹಾಗಾದರೆ ಸೋರಿದ್ದೆಲ್ಲಿ? 85 ಗೋಲು. 38 ಪಂದ್ಯದಲ್ಲಿ ಅಷ್ಟು ಬಿಟ್ಟುಕೊಟ್ಟರು, ಹೊಡೆದದ್ದು 52. ಹೊಡೆದ ಗೋಲು ಕಡಿಮೆಯೇನಲ್ಲ, ಎವರ್ಟನ್ 40 ಹೊಡೆದು ನೆಮ್ಮದಿಯಾಗಿ ಉಳಿಯಿತು. ಫೆಬ್ರವರಿ 10ರಂದು ಪಟ್ಟಿಯ ತಳದಲ್ಲಿದ್ದ ಶೆಫೀಲ್ಡ್ ಯುನೈಟೆಡ್ ನಮ್ಮ ಮನೆಗೇ ಬಂದು 3-1ರಿಂದ ಗೆದ್ದುಹೋಯಿತು. ನನ್ನ ಪುಸ್ತಕದಲ್ಲಿ ಕೆಂಪು ಶಾಯಿ ಬಿದ್ದದ್ದು ಅಲ್ಲಿ. ಆರ್ಸೆನಲ್ಲಿಗೆ ಸೋತ ದಿನವಲ್ಲ. ಮಾರ್ಚ್ 13ರಂದು, ಲಾಕಿಯರ್ ಬಿದ್ದಾಗ ನಿಂತ ಪಂದ್ಯವನ್ನು ಸೊನ್ನೆಯಿಂದ ಮತ್ತೆ ಆಡಿಸಿದರು. ಅರ್ಧ ಆಟ ಮುಗಿದಾಗ ಲೂಟನ್ 3-0 ಮುಂದು. ಮುಗಿದಾಗ 3-4. ಆ ರಾತ್ರಿ ಸೋದರಳಿಯ ಫೋನ್ ಮಾಡಲಿಲ್ಲ. ಅಷ್ಟು ಹೊತ್ತಿಗೆ ಅವನಿಗೂ ಈ ತಂಡದ ಮೇಲೆ ಕರುಳು ಬೆಳೆದಿತ್ತು ಅನ್ನಿಸುತ್ತದೆ, ಕೇಳಿದರೆ ಒಪ್ಪುವುದಿಲ್ಲ. ಅಡೆಬಾಯೊ ತೊಡೆಯ ಸ್ನಾಯು ಹಿಡಿದು ವಾರಗಟ್ಟಲೆ ಕೂತ. ಡಿಫೆಂಡರುಗಳು ಒಬ್ಬೊಬ್ಬರಾಗಿ ಗಾಯಗೊಂಡರು. ಅವರ ಜಾಗಕ್ಕೆ ಅದೇ ಕಸುವಿನವರು ಬೆಂಚಿನಲ್ಲಿ ಇರಲಿಲ್ಲ.

ಯಾಕಿರಲಿಲ್ಲ ಎನ್ನುವುದೇ ಈ ವರ್ಷದ ನಿಜವಾದ ಲೆಕ್ಕ. "ದುಡ್ಡು ಬಂತಲ್ಲ ಮಾವ, ತಗೊಳ್ಳೋದಲ್ವ ಆಟಗಾರರ್ನ?" ಎಂದು ಹುಡುಗ ಕೇಳಿದ್ದ. ನಮ್ಮ ಬಲೆಗೆ 97ನೇ ನಿಮಿಷದ ಗೋಲು ಹಾಕಿದ ಡೆಕ್ಲನ್ ರೈಸ್‌ಗೆ ಆ ಬೇಸಿಗೆಯಲ್ಲಿ ಆರ್ಸೆನಲ್ ಒಪ್ಪಿಕೊಂಡ ಬೆಲೆ 10 ಕೋಟಿ ಪೌಂಡ್, ಮೇಲೆ ಷರತ್ತಿನ 50 ಲಕ್ಷ. ಲೂಟನ್ ಆ ವರ್ಷ ಕೊಂಡ ಎಲ್ಲ ಆಟಗಾರರ ಬೆಲೆ ಕೂಡಿದರೂ ಅದರ ಹತ್ತಿರ ಬರುವುದಿಲ್ಲ. ಮಾಲೀಕರು ಬೇಕೆಂದೇ ಕೈ ಬಿಗಿ ಹಿಡಿದರು. ಗ್ಯಾರಿ ಸ್ವೀಟ್ ಮತ್ತು ಅವರ ಜೊತೆಗಾರರು 2008ರಲ್ಲಿ ಈ ಕ್ಲಬ್ಬನ್ನು ಕೈಗೆತ್ತಿಕೊಂಡಾಗ ಕಂಡದ್ದು ಹಿಂದಿನವರ ಸಾಲ ಮತ್ತು ಆ 30 ಅಂಕ. ಕ್ಲಬ್ಬಿನ ಹೆಸರು, ಬಣ್ಣ, ಲಾಂಛನಗಳನ್ನು ಯಾರೂ ಬದಲಿಸದಂತೆ ತಡೆಯುವ ಹಕ್ಕನ್ನು ಅಭಿಮಾನಿಗಳ ಟ್ರಸ್ಟಿಗೆ ಬರೆದುಕೊಟ್ಟವರು ಅವರು. ಒಮ್ಮೆ ಕೈಸುಟ್ಟ ಮನೆಯವರು ಬೆಂಕಿಯ ಹತ್ತಿರ ಹೇಗೆ ನಡೆಯುತ್ತಾರೋ ಹಾಗೆ ನಡೆದರು.

ಅದೇ ವರ್ಷ ಬೆಂಕಿಯ ಮೇಲೆ ನಡೆದವರೂ ಇದ್ದರು. ಪ್ರೀಮಿಯರ್ ಲೀಗಿನ ಆಗಿನ ನಿಯಮದ ಪ್ರಕಾರ ಒಂದು ಕ್ಲಬ್ಬು ಮೂರು ವರ್ಷದಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡುವಂತಿರಲಿಲ್ಲ. ಆ ಮೂರರಲ್ಲಿ ಎರಡು ವರ್ಷ ಕೆಳಗಿನ ಮೆಟ್ಟಿಲಿನಲ್ಲಿದ್ದ ಫಾರೆಸ್ಟ್‌ನಂಥವರಿಗೆ ಮಿತಿ 6.1 ಕೋಟಿ. ಎವರ್ಟನ್ ಮಿತಿಯನ್ನು 1.95 ಕೋಟಿ ಮೀರಿತ್ತು. ನವೆಂಬರಿನಲ್ಲಿ 10 ಅಂಕ ಕಳೆದರು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಮುಂದಿನ ಲೆಕ್ಕವರ್ಷದ ತಪ್ಪಿಗೆ ಏಪ್ರಿಲಿನಲ್ಲಿ ಇನ್ನೂ 2. ಫಾರೆಸ್ಟ್ 3.45 ಕೋಟಿ ಮೀರಿತ್ತು. 6 ಅಂಕ ಎಂದು ನಿಗದಿ ಮಾಡಿ, ತಪ್ಪು ಬೇಗ ಒಪ್ಪಿಕೊಂಡು ತನಿಖೆಗೆ ಸಹಕರಿಸಿದ್ದಕ್ಕೆ ಎರಡು ಬಿಟ್ಟು, 4 ಕಳೆದರು. ಕೂತು ಭಾಗಿಸಿದೆ: ಎವರ್ಟನ್ನಿಗೆ ಮೊದಲ ತಪ್ಪಿನಲ್ಲಿ ಒಂದು ಅಂಕಕ್ಕೆ ಸುಮಾರು 32 ಲಕ್ಷ ಪೌಂಡಿನ ದರ ಬಿತ್ತು, ಫಾರೆಸ್ಟಿಗೆ 86 ಲಕ್ಷದ ದರ. ಒಂದೇ ಮಂಡಿಯಲ್ಲಿ ಒಂದೇ ದಿನದ ಕೊಬ್ಬರಿಗೆ ಎರಡು ಧಾರಣೆ ಹೇಳಿದ್ದರೆ ನಮ್ಮಪ್ಪ ಪುಸ್ತಕ ಮುಚ್ಚಿ ಎದ್ದುಬರುತ್ತಿದ್ದರು.

ದಂಡದ ನಂತರವೂ ಎವರ್ಟನ್ 40 ಅಂಕಕ್ಕೆ ಮುಟ್ಟಿತು, ಫಾರೆಸ್ಟ್ 32ಕ್ಕೆ. ಲೂಟನ್ ಒಂದು ನಿಯಮವನ್ನೂ ಮುರಿಯದೆ, ಒಂದು ಅಂಕವನ್ನೂ ಕಳೆಸಿಕೊಳ್ಳದೆ, 6 ಗೆಲುವು, 8 ಡ್ರಾ, 24 ಸೋಲಿನಿಂದ ಗಳಿಸಿದ್ದು 26. ಹದಿನೆಂಟನೆಯ ಸ್ಥಾನ. ಹದಿನೈದು ವರ್ಷದ ಹಿಂದೆ ಹಿಂದಿನವರ ತಪ್ಪಿಗೆ ದಂಡ ತೆತ್ತಾಗ ಉಳಿದದ್ದೂ 26, ನೇರವಾಗಿ ಬಾಳಿದಾಗ ಸಿಕ್ಕಿದ್ದೂ 26. ಎರಡು ಸಲವೂ ಇಳಿದದ್ದು ಒಂದು ಮೆಟ್ಟಿಲು.

ಇದನ್ನು ಅನ್ಯಾಯ ಎಂದು ಕೂಗುವವರ ಜೊತೆ ನಾನಿಲ್ಲ. ಅಂಕ ಕಳೆದ ಮೇಲೂ ಫಾರೆಸ್ಟ್ ನಮಗಿಂತ ಆರು ಅಂಕ ಮುಂದಿತ್ತು. ಕೊನೆಯ ದಿನ ನಾವು ಉಳಿಯಬೇಕಾದರೆ ಗೆಲ್ಲುವುದರ, ಫಾರೆಸ್ಟ್ ಸೋಲುವುದರ ಜೊತೆಗೆ ಗೋಲುಗಳ ಅಂತರದಲ್ಲಿದ್ದ 12ರ ಹಿನ್ನಡೆಯೂ ತುಂಬಬೇಕಿತ್ತು, ಫುಲ್‌ಹ್ಯಾಮಿಗೆ 4-2ರಿಂದ ಸೋತರು. ಆದರೆ ಮಿತಿಮೀರಿ ಖರ್ಚು ಮಾಡಿದರೆ ಆಗುವ ನಷ್ಟಕ್ಕಿಂತ, ಮಿತಿಯೊಳಗಿದ್ದರೆ ಆಗುವ ನಷ್ಟ ಹೆಚ್ಚು ಎಂಬುದನ್ನು ಆ ವರ್ಷದ ಪಟ್ಟಿ ಎಲ್ಲರಿಗೂ ಕಲಿಸಿತು. ಆ ಸಲ ಹತ್ತಿಬಂದ ಲೂಟನ್, ಬರ್ನ್ಲಿ, ಶೆಫೀಲ್ಡ್ ಯುನೈಟೆಡ್ ಮೂವರೂ ಒಟ್ಟಿಗೆ ಇಳಿದರು. ಸಣ್ಣ ಊರಿನ ಕ್ಲಬ್ಬುಗಳ ಲೆಕ್ಕಿಗರು ಇದನ್ನು ನೋಡಿರುತ್ತಾರೆ; ಯಾವ ಸಲಹೆ ಕೊಡುತ್ತಾರೋ ನನಗೆ ಅಂದಾಜಿದೆ.

ಇಳಿದವರಿಗೆ ಒಮ್ಮೆಲೇ ಬೀಳದಿರಲೆಂದು ಲೀಗು ಒಂದಷ್ಟು ಹಣ ಕೊಡುತ್ತದೆ. ಮೊದಲ ವರ್ಷ ಟಿವಿ ಹಣದ ಸಮಪಾಲಿನಲ್ಲಿ ನೂರಕ್ಕೆ 55, ಎರಡನೆಯ ವರ್ಷ 45. ಒಂದೇ ವರ್ಷ ಮೇಲಿದ್ದವರಿಗೆ ಮೂರನೆಯ ಕಂತಿಲ್ಲ. ಆ ಹಣ ಇಟ್ಟುಕೊಂಡು ಚಾಂಪಿಯನ್‌ಶಿಪ್‌ನಲ್ಲಿ ಬಹುತೇಕರಿಗಿಂತ ಗಟ್ಟಿಯಾಗಿದ್ದ ಲೂಟನ್, 2025ರ ಮೇ 3ರಂದು ವೆಸ್ಟ್ ಬ್ರಾಮ್‌ವಿಚ್‌ನಲ್ಲಿ 5-3ರಿಂದ ಸೋತು ಇನ್ನೂ ಒಂದು ಮೆಟ್ಟಿಲು ಇಳಿಯಿತು. ಹಣ ಸಾಲಲಿಲ್ಲ ಎಂದು ಈ ಸಲ ಯಾರೂ ಹೇಳುವಂತಿರಲಿಲ್ಲ. ಎಡ್ವರ್ಡ್ಸ್ ಅದಕ್ಕೂ ಮೊದಲೇ, ಜನವರಿಯಲ್ಲಿ ಹೊರಟುಹೋಗಿದ್ದರು. ಅದೇ ವರ್ಷದ ಮಾರ್ಚಿನಲ್ಲಿ ಊರಿನ ವಾಕ್ಸ್‌ಹಾಲ್ ವಾಹನ ಕಾರ್ಖಾನೆಯೂ 120 ವರ್ಷದ ಬಾಗಿಲು ಹಾಕಿತ್ತು, ನನ್ನ ಗಿರಾಕಿಗಳಿಗೆ ಫುಟ್‌ಬಾಲಿಗಿಂತ ದೊಡ್ಡ ಚಿಂತೆಗಳಿದ್ದವು.

ಪ್ರೀಮಿಯರ್ ಲೀಗಿನ ಆ ವರ್ಷದ ಹಣ ಪೂರ್ತಿ ಕರಗಿಲ್ಲ. ಊರಿನ ನಡುವೆ ಪವರ್ ಕೋರ್ಟ್ ಎಂಬಲ್ಲಿ 25 ಸಾವಿರ ಜನ ಕೂರುವ ಹೊಸ ಕ್ರೀಡಾಂಗಣಕ್ಕೆ 2024ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿದೆ. ಮೂರನೆಯ ಮೆಟ್ಟಿಲಿಗೆ ಇಳಿದ ತಂಡಕ್ಕೆ 25 ಸಾವಿರ ಸೀಟು ಯಾಕೆ ಎಂದು ಓಕ್ ರೋಡಿನ ಗಿರಾಕಿ ಕೇಳುತ್ತಾರೆ. ಅವರ ಮನೆಯ ಬೆಲೆ ಏರುತ್ತದೋ ಇಳಿಯುತ್ತದೋ ಎನ್ನುವುದು ಅವರ ಇನ್ನೊಂದು ಪ್ರಶ್ನೆ; ಅದಕ್ಕೆ ಮಾತ್ರ ನಾನು ಶುಲ್ಕ ತೆಗೆದುಕೊಂಡು ಉತ್ತರ ಹೇಳುತ್ತೇನೆ.